ಹತ್ತರಿಂದ ಎರಡರ ಪಾಳಿ

ಸೆಪ್ಟೆಂಬರ್ 3, ಮಂಗಳವಾರ

ಕ್ಷಮಿಸಬೇಕು. ಯಾರನ್ನು ಕೇಳುತ್ತಿದ್ದೇನೋ ಗೊತ್ತಿಲ್ಲ, ಆದರೂ. ಒಂಬತ್ತನೇ ಕ್ಲಾಸಿನಲ್ಲಿ ಯಾರೋ ನನ್ನ ಡೈರಿಯನ್ನು ಊಟದ ಹಾಲಿನ ಬೆಂಚಿನ ಮೇಲೆ ನಿಂತು ಗಟ್ಟಿಯಾಗಿ ಓದಿದ ದಿನವೇ, ಇನ್ನು ಬರೆಯುವುದಿಲ್ಲ ಎಂದುಕೊಂಡಿದ್ದೆ. ಈಗ ಮತ್ತೆ ಶುರು. ತಲೆಯೊಳಗೇ ಇಟ್ಟುಕೊಂಡರೆ ಹೊಟ್ಟೆ ಕೆಡುತ್ತದೆ, ಏನು ಮಾಡಲಿ.

ಇವತ್ತು ಎರಡು ಕ್ಲಾಸ್, ಒಂದು ಲ್ಯಾಬ್. ಲ್ಯಾಬಿನಲ್ಲಿ ಒಬ್ಬರ ಕಣ್ಣನ್ನು ಒಬ್ಬರು ನೋಡುವ ಪ್ರಾಕ್ಟೀಸು. ಕಣ್ಣು ತಪಾಸಣೆಯ ಈ ಕೋರ್ಸು ಸೇರಿ ಆರು ವಾರ. ಅಷ್ಟಕ್ಕೇ ಕಂಡಕಂಡವರ ಕಣ್ಣಲ್ಲಿ ಕಾಯಿಲೆ ಕಾಣುತ್ತಿದೆ. ಹೋದ ವಾರ ಹಾಸ್ಟೆಲಿನ ವಾಚ್‌ಮನ್‌ಗೆ ಗ್ಲೂಕೋಮಾ ಎಂದೆ. ಪಾಪ, ನಿದ್ದೆಗೆಟ್ಟು ಕಣ್ಣು ಕೆಂಪಾಗಿತ್ತಂತೆ, ಅಷ್ಟೆ. ರೂಮ್‌ಮೇಟ್ ಅದನ್ನು ಇಡೀ ಕಾರಿಡಾರಿಗೆ ಸಾರಿ ಬಂದಳು. "ಡಾಕ್ಟ್ರಮ್ಮ ಬರ್ತಿದಾಳೆ, ಎಲ್ರೂ ಕಣ್ಣು ಮುಚ್ಕೊಳ್ರೇ!" ಇವಳ ಬಾಯಿ ಮುಚ್ಚುವುದೇ ಇಲ್ಲ. ಅದಕ್ಕೇ ಎಲ್ಲರೂ ಇವಳನ್ನು ಕಾಮೆಂಟ್ರಿ ಎನ್ನುವುದು.

ಅಮ್ಮನ ಲೇಖನದ ಮೊದಲ ಕಂತು ಬಂದಿದೆ. ಟೈಪ್ ಮಾಡಬೇಕು. ನೋಟ್‌ಬುಕ್ಕಿನ ಎಂಟು ಹಾಳೆಗಳ ಫೋಟೋ. ಯಾವುದೋ ಕೌಟುಂಬಿಕ ಪತ್ರಿಕೆ ಕೇಳಿದೆಯಂತೆ: 'ಕುಟುಂಬ ಸಮೇತ ದೂರದ ಹಾಯಿಯಾನ — ಮಕ್ಕಳಿಗೆ ಆಗುವ ಪ್ರಯೋಜನಗಳು.'

ಪ್ರಯೋಜನ! ಎರಡು ಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ಆಗುವಂಥದ್ದು.

ಅಪ್ಪ, ಅಮ್ಮ, ತಂಗಿ ದೋಣಿ ಹತ್ತಿ ಏಳು ತಿಂಗಳಾಯಿತು. ಅಪ್ಪ ಸೇತುವೆಗಳ ನಕ್ಷೆ ಬರೆಯುತ್ತಿದ್ದವರು. ಒಂಬತ್ತು ವರ್ಷ ಶೆಡ್ಡಿನಲ್ಲಿ ಕೂತು ಆ ಹಾಯಿದೋಣಿಯನ್ನು ತಾವೇ ಕಟ್ಟಿದರು. ನನ್ನನ್ನು ಎಂಟನೇ ವಯಸ್ಸಿಗೆ ಹಾಸ್ಟೆಲಿಗೆ ಹಾಕಿದರು — ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯಲಿ ಎಂದು. ಅವಳನ್ನು ಹತ್ತನೇ ವಯಸ್ಸಿಗೆ ಸ್ಕೂಲು ಬಿಡಿಸಿ ದೋಣಿ ಹತ್ತಿಸಿದರು. ಕಾರಣ ಕೇಳಿದರೆ ಅದೇ. ಸ್ವಂತ ಕಾಲು!

ಸೆಪ್ಟೆಂಬರ್ 8, ಭಾನುವಾರ

ಮೂರು ಪುಟ ಟೈಪ್ ಆಯಿತು. ಅಮ್ಮನ ಅಕ್ಷರ ಸಾಸಿವೆ ಚೆಲ್ಲಿದ ಹಾಗೆ. ಲಾಭಗಳ ಪಟ್ಟಿ ಮುಗಿಯುವುದೇ ಇಲ್ಲ. ಹವಾಮಾನ ಓದುತ್ತಾರೆ. ನೀರನ್ನು ಹನಿಹನಿ ಲೆಕ್ಕದಲ್ಲಿ ಬಳಸುತ್ತಾರೆ. ದೊಡ್ಡವರ ಜತೆ ಸರಿಸಮನಾಗಿ ಮಾತಾಡುತ್ತಾರೆ. ಬೇಜಾರಿಗೆ ಹೆದರುವುದಿಲ್ಲ. ಮನೆಯವರ ನಡುವೆ ಮುಚ್ಚುಮರೆ ಇರುವುದಿಲ್ಲ — 'ಮೂವತ್ತಾರು ಅಡಿ ಉದ್ದದ ಜಾಗದಲ್ಲಿ ಯಾರು ಯಾರಿಂದ ಏನನ್ನು ಮುಚ್ಚಿಡಲು ಸಾಧ್ಯ?'

ಒಂದು ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದಿದ್ದಾಳೆ. ದೋಣಿಯ ಲಾಗ್ ಬುಕ್ಕಿಗೆ ಅಪ್ಪ ಮಾಡಿದ ನಿಯಮ ಅದು: ಏನನ್ನೂ ಅಳಿಸುವಂತಿಲ್ಲ, ತಪ್ಪಿದ್ದರೆ ಒಂದೇ ಗೆರೆ, ಕೆಳಗಿನದು ಓದಲು ಬರಬೇಕು. ಅಮ್ಮನಿಗೆ ಅದೇ ಕೈರೂಢಿಯಾಗಿದೆ. ಹೊಡೆದ ಸಾಲು: 'ದೊಡ್ಡವಳಿಗೆ ಇದನ್ನು ಕೊಡಲಾಗಲಿಲ್ಲವಲ್ಲ ಎಂಬುದು.'

ಟೈಪ್ ಮಾಡಲಿಲ್ಲ. ನಾಲ್ಕು ಸಲ ಓದಿದೆ.

ತಂಗಿಯ ಮೇಲ್ ಕೂಡ ಬಂದಿದೆ. ಅವಳಿಗೆ ಮನೆಯಲ್ಲಿ ಪಿಟೀಲು ಎಂದೇ ಹೆಸರು. ಕೂಸಾಗಿದ್ದಾಗ ಅಳುತ್ತಿದ್ದ ಶ್ರುತಿ ಹಾಗಿತ್ತು. ಬರೆದಿದ್ದಾಳೆ: 'ಇವತ್ತು ಗಾಳಿ ಹೆಗಲು ಬದಲಿಸಿತು. ನಾವು ಹಾಯಿ ಮಡಚಿದೆವು.' ಹತ್ತು ವರ್ಷದ ಹುಡುಗಿ ಬರೆಯುವ ಮಾತೇ ಇದು? ಪಕ್ಕದಲ್ಲಿ ಕೂತು ಅಮ್ಮ ಹೇಳಿ ಬರೆಸುತ್ತಿದ್ದಾಳೆ. ನೂರಕ್ಕೆ ನೂರು. ಪತ್ರಿಕೆಗೆ ಸಾಕ್ಷಿ ಬೇಕಲ್ಲ.

"ನಿಂಗೆ ಹೊಟ್ಟೆಕಿಚ್ಚು ಕಣೇ," ಎಂದಳು ಕಾಮೆಂಟ್ರಿ, ನನ್ನ ಬಿಸ್ಕತ್ತನ್ನೇ ತಿನ್ನುತ್ತ.

"ಹೊಟ್ಟೆಕಿಚ್ಚಲ್ಲ. ಡೌಟು."

"ಒಂದೇ ಮನೆಯ ಎರಡು ಬಾಗಿಲು ಬಿಡು."

ಸೆಪ್ಟೆಂಬರ್ 21, ಶನಿವಾರ

ಅವರು ನಡುಗಡಲಲ್ಲಿದ್ದಾರೆ. ಸ್ಯಾಟಲೈಟಿನಲ್ಲಿ ಎರಡು ಸಾಲಿನ ಮೇಲ್ ಮಾತ್ರ ಬರುತ್ತದೆ, ಫೋಟೋ ಬರುವುದಿಲ್ಲ. ದೋಣಿಗೆ ಇರುವುದು ಒಂದೇ ಟ್ಯಾಬ್, ಒಂದೇ ಮೇಲ್ ಐಡಿ. ಅಮ್ಮನ ಫೋನ್ ಎರಡನೇ ತಿಂಗಳಲ್ಲೇ ನೀರುಪಾಲು. ಅಪ್ಪ ಫೋನ್ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದಾರೆ. ಬಂದ ಮೇಲ್ ಓದಿ ಹೇಳುವುದು, ಅವರು ಹೇಳಿದ್ದನ್ನು ಟೈಪ್ ಮಾಡಿ ಕಳಿಸುವುದು ಎಲ್ಲ ಪಿಟೀಲು. ದೋಣಿಯ ಪೋಸ್ಟ್‌ಮಾಸ್ಟರ್ ಅಂತೆ. ಇದೂ ಲೇಖನದಲ್ಲಿದೆ, ಲಾಭ ನಂಬರ್ ಆರು.

ಇಂಟರ್ನಲ್ಸ್ ಹತ್ತಿರ ಬಂತು.

ಅಕ್ಟೋಬರ್ 9, ಬುಧವಾರ

ದಡ ಮುಟ್ಟಿದ್ದಾರೆ! ಒಂದು ಬಂದರಿನ ಹೊರಗೆ ಲಂಗರು ಹಾಕಿದ್ದಾರಂತೆ. ಹದಿನೆಂಟಕ್ಕೆ ಮತ್ತೆ ಹೊರಡುತ್ತಾರೆ. ಈ ಸಲದ್ದೇ ದೊಡ್ಡ ದಾಟು: ಇಪ್ಪತ್ತಾರು ದಿನ, ಮಧ್ಯೆ ಎಲ್ಲೂ ನೆಲವಿಲ್ಲ.

ಲೇಖನದ ಕೊನೇ ಕಂತು, ಜತೆಗೆ ಹನ್ನೊಂದು ಫೋಟೋ. ಪಿಟೀಲು ಕಪ್ಪಗೆ, ಉದ್ದಕ್ಕೆ, ಹಗ್ಗದ ಹಾಗೆ ಆಗಿದ್ದಾಳೆ. ಒಂದರಲ್ಲಿ ಇಂಜಿನ್ನಿನ ಪೆಟ್ಟಿಗೆಯೊಳಗೆ ಅರ್ಧ ಮೈ ಇಳಿಸಿ ನಗುತ್ತಿದ್ದಾಳೆ. ಆ ವಯಸ್ಸಿನಲ್ಲಿ ನನಗೆ ವಾರ್ಡನ್ ಎದುರು ತಲೆ ಎತ್ತಲು ಆಗುತ್ತಿರಲಿಲ್ಲ. ನಿಜ ಹೇಳಬೇಕಲ್ಲ, ನೋಡಿ ಖುಷಿಯಾಯಿತು. ಆಮೇಲೆ ಬೇಜಾರಾಯಿತು.

ಅಪ್ಪ ಐದು ಫೋಟೋದಲ್ಲಿದ್ದಾರೆ. ಐದರಲ್ಲೂ ಕ್ಯಾಮೆರಾ ಕಡೆ ನೋಡುತ್ತಿಲ್ಲ. ಸ್ವಲ್ಪ ಪಕ್ಕಕ್ಕೆ. ಕ್ಯಾಮೆರಾದ ಎಡಗಡೆ ಯಾರೋ ನಿಂತಿದ್ದಾರೋ ಎಂಬಂತೆ.

ಬೇಡ. ವಾಚ್‌ಮನ್‌ನ ನೆನಪಿರಲಿ.

ಅಕ್ಟೋಬರ್ 12, ಶನಿವಾರ

ವಿಡಿಯೋ ಕಾಲ್! ನಾಲ್ಕು ನಿಮಿಷ. ಟ್ಯಾಬ್ ಹಿಡಿದದ್ದು ಪಿಟೀಲು.

"ಅಕ್ಕಾ! ನಿನ್ ಮುಖ ಯಾಕೆ ಹಿಟ್ಟಿನ ಹಾಗೆ ಆಗಿದೆ? ಬಿಸಿಲಿಗೆ ಹೋಗಲ್ವಾ?"

"ನಾನೇನು ನಿನ್ನ ಹಾಗೆ ಮಂಗನ ಥರ ಹಗ್ಗ ಹತ್ತಬೇಕಾ?"

"ಹತ್ತಕ್ಕೆ ಬಂದ್ರೆ ತಾನೆ!"

ಒಳಗಿನಿಂದ ಅಮ್ಮನ ಧ್ವನಿ. ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಳು. "ಊಟ ಮಾಡಿದ್ಯೇನೇ? ಏನ್ ತಿಂದೆ? ಸರಿಯಾಗಿ ಹೇಳು." ಅಮ್ಮನ ಪ್ರಪಂಚ ಅಲ್ಲೇ ಶುರು, ಅಲ್ಲೇ ಮುಕ್ತಾಯ. ಆಮೇಲೆ ಅಪ್ಪ ಬಂದರು. ತೆರೆಗೆ ಮುಖ ಹತ್ತಿರ ತಂದರು. ನಾನು ಕೈ ಬೀಸಿದೆ. ಅವರು ಮೆಲ್ಲಗೆ, "ಯಾರದು?" ಎಂದರು.

"ಅಕ್ಕ, ಅಪ್ಪಾ," ಎಂದಳು ಪಿಟೀಲು. ತೀರಾ ಬೇಗ ಎಂದಳು.

"ಗೊತ್ತು ಮಾರಾಯ್ತಿ, ತಮಾಷೆ ಮಾಡಿದೆ. ಹೇಗಿದೀಯಮ್ಮಾ?" ನಗು. ಕಣ್ಣು ಮಾತ್ರ ನನ್ನ ಕಿವಿಯ ಪಕ್ಕದಲ್ಲೆಲ್ಲೋ.

ಲೈನ್ ಹೋಯಿತು. ಹೋಯಿತೋ, ಕತ್ತರಿಸಿದಳೋ.

ಅಕ್ಟೋಬರ್ 13, ಭಾನುವಾರ, ಮಧ್ಯಾಹ್ನ

ಫೋಟೋ ನಂಬರ್ ಒಂಬತ್ತು: ಲಾಗ್ ಬುಕ್ಕಿನ ಒಂದು ಪುಟ. 'ಮಕ್ಕಳು ಲಾಗ್ ಬರೆಯುವುದನ್ನು ನೋಡಿ ಕಲಿಯುತ್ತಾರೆ' ಎಂಬ ಸಾಲಿನ ಪಕ್ಕ ಹಾಕಲು ಕಳಿಸಿದ್ದು. ಗಂಟೆಗೊಂದು ಸಾಲು. ದಿಕ್ಕು, ಗಾಳಿ, ಗಾಳಿಯ ಒತ್ತಡ, ಷರಾ. ಪಾಳಿಯಲ್ಲಿರುವವರೇ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಬೇಕು. ಬೆಳಿಗ್ಗೆ ಆರರಿಂದ ಹತ್ತು ಅಮ್ಮ. ಹತ್ತರಿಂದ ಎರಡು ಅಪ್ಪ. ಆಗ ಅಮ್ಮ ಮಲಗುತ್ತಾಳೆ, ಪಿಟೀಲುಗೆ ಪಾಠದ ಹೊತ್ತು.

ಅಪ್ಪನ ನಾಲ್ಕು ಸಾಲುಗಳನ್ನು ಜೂಮ್ ಮಾಡಿದೆ. ಅಪ್ಪನದೇ ಅಕ್ಷರ, ನಕ್ಷೆಗೆ ಬರೆಯುವಂಥ ನೆಟ್ಟನೆ ಅಂಕಿಗಳು. ಅಪ್ಪನದೇ ಸಹಿ. ಆದರೆ ಏಳು? ಎರಡು ಕಡೆ ಏಳಿನ ಹೊಟ್ಟೆಗೆ ಅಡ್ಡಗೆರೆ ಇದೆ. ಅಪ್ಪ ಹಾಗೆ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಒಂದು ಬೇಸಿಗೆ ರಜೆಯಲ್ಲಿ, ಒಂದು ಮತ್ತು ಏಳು ಬೆರೆತುಹೋಗದಿರಲಿ ಎಂದು, ಅಡುಗೆಮನೆಯ ನೆಲದ ಮೇಲೆ ಕೂರಿಸಿಕೊಂಡು ಪಿಟೀಲುಗೆ ಕಲಿಸಿದ್ದೆ.

ಅಪ್ಪನ ಪಾಳಿಯ ಲಾಗನ್ನು ಅವಳು ಬರೆಯುತ್ತಿದ್ದಾಳೆ. ಅಪ್ಪನ ಕೈಬರಹದಲ್ಲಿ.

ಮೊದಲು ಸಿಟ್ಟು ಬಂತು. ಅಪ್ಪ ಆರಾಮಾಗಿ ಕಾಲು ಚಾಚಿಕೊಂಡು ಮಗುವಿನಿಂದ ದುಡಿಸುತ್ತಿದ್ದಾರೆ ಎಂದು. ಪಾಠ ಗೀಠ ಎಲ್ಲ ಸುಳ್ಳು ಎಂದು. ಆಮೇಲೆ 'ಯಾರದು?' ನೆನಪಾಯಿತು. ಮುಖದ ಎದುರೇ ಇದ್ದ ನನ್ನನ್ನು ನೋಡಿ.

ಅಮ್ಮನಿಗೆ ಮೇಲ್ ಹಾಕಿದೆ: ಅಪ್ಪನ ಕಣ್ಣು ಹೇಗಿದೆ? ಯಾರಿಗಾದರೂ ತೋರಿಸಿದಿರಾ?

ಸಂಜೆ, ಆರೂವರೆ

ಉತ್ತರ ಬಂತು. 'ಅಪ್ಪ ಚೆನ್ನಾಗಿದ್ದಾರೆ. ಟೆನ್ಶನ್ ಮಾಡ್ಕೋಬೇಡ. ಚೆನ್ನಾಗಿ ಓದು. ಅಮ್ಮ.'

ಹತ್ತು ವರ್ಷದಲ್ಲಿ ಅಮ್ಮ ನನಗೆ ಒಮ್ಮೆಯೂ ಚೆನ್ನಾಗಿ ಓದು ಎಂದಿಲ್ಲ. ಊಟದ ವಿಷಯ ಕೇಳದೆ ಒಂದು ಮೇಲನ್ನೂ ಮುಗಿಸಿಲ್ಲ.

ಅಕ್ಟೋಬರ್ 14, ಸೋಮವಾರ

ಲ್ಯಾಬ್ ಮೇಡಂ ಹತ್ತಿರ ಹೋಗಿ, ಒಬ್ಬರಿಗೆ ಹೀಗಿದ್ದರೆ ಹಾಗೆ ಎಂದು ಸುತ್ತಿಬಳಸಿ ಕೇಳಿದೆ. ಎದುರಿನ ಮುಖ ಕಾಣಲ್ಲ, ಪಕ್ಕದ್ದು ಕಾಣುತ್ತೆ. ಸಣ್ಣ ಅಂಕಿ ಓದಕ್ಕಾಗಲ್ಲ. ನಡೆದಾಡೋದೆಲ್ಲ ಸಲೀಸು.

ಮೇಡಂ ಲೆನ್ಸ್ ಒರೆಸುವುದನ್ನು ನಿಲ್ಲಿಸಿದರು. "ನೋಡದೆ ಹೇಳಕ್ಕಾಗಲ್ಲ. ಆದ್ರೆ ನಡುವಿನ ದೃಷ್ಟಿ ಹೋಗ್ತಿರೋ ಹಾಗಿದೆ. ಎಷ್ಟು ದಿನದಿಂದ?"

"ಒಂದು ತಿಂಗಳು... ಇರಬಹುದು."

"ಹಾಗಾದ್ರೆ ಈ ವಾರವೇ ತೋರಿಸ್ಬೇಕು. ಕೆಲವಕ್ಕೆ ಇಂಜೆಕ್ಷನ್ ಇದೆ, ಉಳಿಸಬಹುದು. ಇನ್ನೊಂದು ತಿಂಗಳು ಬಿಟ್ರೆ ಹೋದದ್ದು ಹೋಯ್ತು, ವಾಪಸ್ ಬರಲ್ಲ." ಆಮೇಲೆ ನನ್ನನ್ನೇ ನೋಡಿದರು. "ಇದು ಪರೀಕ್ಷೆಗೆ ಕೇಳ್ತಿರೋದಾ, ಮನೆಯವರಾ?"

ಪರೀಕ್ಷೆಗೆ ಎಂದೆ. ಯಾಕೆ ಹಾಗೆಂದೆನೋ!

ಇಪ್ಪತ್ತಾರು ದಿನ. ಹಗಲೊಂದರಲ್ಲೇ ನಾಲ್ಕು ಗಂಟೆ ಅಪ್ಪನ ಪಾಳಿ, ಅಮ್ಮ ನಿದ್ದೆಯಲ್ಲಿ. ಎದುರಿಗೆ ಹಡಗು ಬಂದರೆ ನೋಡುವವರು ಯಾರು? ಹತ್ತು ವರ್ಷದವಳು.

ಅಕ್ಟೋಬರ್ 15, ಮಂಗಳವಾರ

ಮೂರು ಸಲ ವಿಡಿಯೋ ಕಾಲ್ ಮಾಡಿದೆ. ರಿಂಗ್ ಆಗಿ ನಿಲ್ಲುತ್ತದೆ.

ನನ್ನ ಮೇಲ್ ಅಮ್ಮನಿಗೆ ಮುಟ್ಟುತ್ತಿದೆಯೇ ಎಂದು ಪರೀಕ್ಷೆ ಮಾಡಬೇಕು. ಅಮ್ಮನಿಗೆ ಮತ್ತು ನನಗೆ ಮಾತ್ರ ಗೊತ್ತಿರುವುದು ಒಂದಿದೆ. ನನ್ನನ್ನು ಹಾಸ್ಟೆಲಿಗೆ ಬಿಟ್ಟ ದಿನ ಅಮ್ಮ ಊಟದ ಹಾಲಿನ ಆಚೆ ಕೈ ತೊಳೆಯುವ ನಲ್ಲಿಗಳ ಹತ್ತಿರ ನಿಂತು ಮುಖ ತೊಳೆದೂ ತೊಳೆದೂ ಬಂದಿದ್ದಳು. "ಸುಣ್ಣದ ಪುಡಿ ಬಿತ್ತು ಕಣೇ, ಅಪ್ಪಂಗೆ ಹೇಳ್ಬೇಡ," ಎಂದಿದ್ದಳು. ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಬರೆದೆ: ಅಮ್ಮ, ಹಾಸ್ಟೆಲಿಗೆ ಬಿಟ್ಟ ದಿನ ನಿನ್ನ ಕಣ್ಣಿಗೆ ಏನು ಬಿತ್ತು?

ಒಂದು ಗಂಟೆಯ ಮೇಲೆ ಉತ್ತರ: 'ನನ್ನ ಕಣ್ಣಿಗೆ ಏನೂ ಬಿದ್ದಿಲ್ಲ. ಇಲ್ಲಿ ಎಲ್ಲರ ಕಣ್ಣೂ ಚೆನ್ನಾಗಿದೆ. ಪದೇ ಪದೇ ಕಣ್ಣು ಕಣ್ಣು ಅನ್ನಬೇಡ. ಅಮ್ಮ.'

ಎಲ್ಲರ ಕಣ್ಣಿನ ವಿಷಯ ನಾನು ಕೇಳಿರಲಿಲ್ಲ.

ಇಷ್ಟು ದಿನ ಏನೆಂದುಕೊಂಡಿದ್ದೆ — ಪಿಟೀಲಿನ ಪತ್ರಗಳನ್ನು ಅಮ್ಮ ಬರೆಯುತ್ತಿದ್ದಾಳೆ ಎಂದು. ಆಗಿರುವುದು ಪೂರಾ ಉಲ್ಟಾ. ಅಮ್ಮನ ಪತ್ರಗಳನ್ನು ಪಿಟೀಲು ಬರೆಯುತ್ತಿದ್ದಾಳೆ. ಗಾಳಿ ಹೆಗಲು ಬದಲಿಸಿದ್ದು ಅವಳದೇ ಮಾತು. ಅವಳ ತಲೆ ಅಷ್ಟು ಓಡುತ್ತದೆ. ಅದೇ ನನಗೀಗ ಭಯ.

ಅಕ್ಟೋಬರ್ 16, ಬುಧವಾರ

ಕಾಮೆಂಟ್ರಿಗೆ ಎಲ್ಲ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. "ಬಂದರಿನ ಆಫೀಸಿಗೆ ಫೋನ್ ಮಾಡೇ," ಎಂದು ನಂಬರ್ ಹುಡುಕಿ, ತಾನೇ ಮಾತಾಡಿದಳು. ಅಲ್ಲಿನ ಗುಮಾಸ್ತ ಒಳ್ಳೆಯವನೇ. ದೋಣಿ ಜೆಟ್ಟಿಯಲ್ಲಿಲ್ಲ, ದೂರ ಲಂಗರು ಹಾಕಿದೆ, ಅಲ್ಲಿಗೆ ಹೋಗುವವರು ಯಾರೂ ಇಲ್ಲ. ಸಂದೇಶ ಕೊಟ್ಟರೆ ಬೋರ್ಡಿಗೆ ಅಂಟಿಸುತ್ತೇನೆ ಎಂದ. ಕೊಟ್ಟೆವು: ಅಮ್ಮ ಕೂಡಲೇ ಮಗಳಿಗೆ ಫೋನ್ ಮಾಡಬೇಕು.

ಸಂಜೆ ಮತ್ತೆ ವಿಚಾರಿಸಿದರೆ, "ಓ, ಅದು ತಲುಪಿತು. ಒಂದು ಚಿಕ್ಕ ಹುಡುಗಿ ಬಂದು ತಗೊಂಡು ಹೋದಳು. ಸಹಿ ಕೂಡ ಹಾಕಿದಾಳೆ, ಭಾರಿ ಚುರುಕು," ಎಂದನಂತೆ. ಅವಳ ಅಮ್ಮ ದಡಕ್ಕೆ ಬಂದರೆ ಹೇಳಿ ಎಂದದ್ದಕ್ಕೆ, "ಸಾಮಾನಿಗೂ ಆ ಹುಡುಗೀನೇ ಬರೋದು, ಅವರಪ್ಪನ ಕೈ ಹಿಡ್ಕೊಂಡು."

ಕೈ ಹಿಡಿದುಕೊಂಡು. ನೋಡುವವರಿಗೆ ಎಷ್ಟು ಚೆಂದ.

ಹಾಸ್ಟೆಲಿನಲ್ಲಿ ನಾವು ನಲವತ್ತು ಜನ. ಯಾವ ಗುಟ್ಟೂ ಅರ್ಧ ದಿನ ಬದುಕುತ್ತಿರಲಿಲ್ಲ, ಅದಕ್ಕೆಷ್ಟು ಶಪಿಸಿದ್ದೇನೋ. ದೋಣಿಯಲ್ಲಿ ಇರುವವರೇ ಮೂವರು. ಅದರಲ್ಲಿ ಇಬ್ಬರು ಸೇರಿ ಒಂದು ಗುಟ್ಟು. ಬಾಯಿ ತಪ್ಪಿ ಹೇಳಲು ನಾಲ್ಕನೆಯವರಿಲ್ಲ.

ಲಾಗಿನ ಆ ಪುಟವನ್ನು ಫೋಟೋ ಹೊಡೆದು ಕಳಿಸಿದವಳೂ ಅವಳೇ ಅಲ್ಲವೆ. ಇಡೀ ಪುಸ್ತಕದಲ್ಲಿ ಅದೇ ಪುಟ ಯಾಕೆ? ಏಳಿಗೆ ಗೆರೆ ಹಾಕಿದ್ದು ಮರೆತೋ... ಬೇಕೆಂದೋ?

ಅಕ್ಟೋಬರ್ 17, ಗುರುವಾರ

ನಿನ್ನೆ ಅವಳ ಹೆಸರಿಗೇ ಮೇಲ್ ಹಾಕಿದೆ. ಒಂದೇ ಸಾಲು: ಬರೆಯುತ್ತಿರುವುದು ನೀನೇ ಅಂತ ಗೊತ್ತು, ಅಪ್ಪನಿಗೆ ಕಾಣಿಸುತ್ತಿಲ್ಲ ಅಂತಲೂ ಗೊತ್ತು.

ಇವತ್ತು ನಾಲ್ಕು ಗಂಟೆಗೆ ಉತ್ತರ. ಇದ್ದ ಹಾಗೆಯೇ ಇಳಿಸುತ್ತಿದ್ದೇನೆ.

'ಅಕ್ಕ, ಅಮ್ಮಂಗೆ ಹೇಳಬೇಡ. ಅಪ್ಪಂಗೆ ಸ್ವಲ್ಪ ಕಾಣುತ್ತೆ, ಪಕ್ಕದಲ್ಲಿ ಎಲ್ಲಾ ಕಾಣುತ್ತೆ. ಮುಂದೆ ಮಾತ್ರ ಬೂದಿ ಥರ ಇದೆಯಂತೆ. ದಾಟಿ ಆದಮೇಲೆ ತೋರಿಸ್ತಾರಂತೆ. ಪ್ರಾಮಿಸ್ ಮಾಡಿದಾರೆ. ನಾನು ದಿಕ್ಸೂಚಿ ಓದ್ತೀನಿ, ಅಪ್ಪ ಗಾಳಿ ಓದ್ತಾರೆ, ಇಬ್ರೂ ಸೇರಿದ್ರೆ ಒಬ್ಬ ಪೂರ್ತಿ ಕ್ಯಾಪ್ಟನ್. ಇಲ್ಲೀವರೆಗೆ ಒಂದೂ ತಪ್ಪಾಗಿಲ್ಲ. ಒಂದ್ಸಲ ಹಡಗು ಬಂತು, ನಾನೇ ಮೊದಲು ನೋಡಿದ್ದು. ಅಮ್ಮಂಗೆ ಗೊತ್ತಾದ್ರೆ ದೋಣಿ ಮಾರ್ತಾರೆ. ಆಮೇಲೆ ನನ್ನ ಹಾಸ್ಟೆಲಿಗೆ ಹಾಕ್ತಾರೆ. ನೀನೇ ಹೇಳಿದ್ಯಲ್ಲ ಅಲ್ಲಿ ಅತ್ತರೆ ಬೋರ್ಡ್ ಮೇಲೆ ಹೆಸರು ಬರೀತಾರೆ ಅಂತ, ಸಾರಿನಲ್ಲಿ ಹುಳ ಇರುತ್ತೆ ಅಂತ, ಜ್ವರ ಬಂದ್ರೆ ಕತ್ತಲೆ ರೂಮಲ್ಲಿ ಒಬ್ಬರನ್ನೇ ಹಾಕ್ತಾರೆ ಅಂತ. ನಂಗೆ ಅಲ್ಲಿಗೆ ಹೋಗಕ್ಕೆ ಇಷ್ಟ ಇಲ್ಲ. ನಾಳೆ ಹನ್ನೆರಡಕ್ಕೆ ಹೊರಡ್ತೀವಿ. ಟ್ಯಾಬ್ ಹತ್ತೂವರೆಗೆ ಕಟ್ಟಿಡಬೇಕು.'

ಎದ್ದು ಹೋಗಿ ನಲ್ಲಿ ಕೆಳಗೆ ತಲೆ ಹಿಡಿದೆ.

ಹೇಳಿದ್ದೆ. ಎಲ್ಲವನ್ನೂ ನಾನೇ ಹೇಳಿದ್ದೆ, ರಜೆಯಿಂದ ರಜೆಗೆ ಒಂದೊಂದು ಸೇರಿಸಿ.

ಅಕ್ಟೋಬರ್ 18, ಶುಕ್ರವಾರ, ಬೆಳಿಗ್ಗೆ 7.10

ಮೊದಲು ಇಲ್ಲಿ ಬರೆದು ಆಮೇಲೆ ಟೈಪ್ ಮಾಡುತ್ತೇನೆ. ನೇರ ಟೈಪ್ ಮಾಡಲು ಹೋದರೆ ಬೈಯುತ್ತೇನೆ, ಇಲ್ಲವೇ ಅಳುತ್ತೇನೆ. ಮೂರು ಸಲ ಆಯಿತು. ಬಂದರಿನ ಆಫೀಸು ತೆರೆಯುವುದು ಹತ್ತಕ್ಕೆ. ಉತ್ತರ ಬಾರದಿದ್ದರೆ ದೋಣಿಯನ್ನು ತಡೆಯಿರಿ ಎನ್ನಲು ಕಾಮೆಂಟ್ರಿ ಆಗಲೇ ಫೋನ್ ಹಿಡಿದು ಕೂತಿದ್ದಾಳೆ, ಮೊದಲ ಸಲ ಬಾಯಿ ಮುಚ್ಚಿಕೊಂಡು.

ಪಿಟೀಲು,

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ನೋಡಿದ ಹಡಗನ್ನು ನಾನಾಗಿದ್ದರೆ ನೋಡುತ್ತಲೇ ಇರಲಿಲ್ಲ. ಹೆದರಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಸಾರಿನಲ್ಲಿ ಹುಳ ಬಿದ್ದದ್ದು ಹತ್ತು ವರ್ಷದಲ್ಲಿ ಒಂದೇ ಸಲ. ಬೋರ್ಡಿನ ಮೇಲೆ ಹೆಸರು ಬರೆಯುತ್ತಿದ್ದದ್ದು ಅತ್ತವರದಲ್ಲ, ತಡವಾಗಿ ಎದ್ದವರದು. ಜ್ವರ ಬಂದಾಗ ರೂಮಿಗೆ ಕಿಟಕಿ ಇತ್ತು, ಪಕ್ಕದ ಮಂಚದಲ್ಲಿ ಯಾರಾದರೂ ಇರುತ್ತಿದ್ದರು. ಮಿಕ್ಕಿದ್ದೆಲ್ಲ ನಾನು ಕಟ್ಟಿದ್ದು. ನೀನು ವರ್ಷವೆಲ್ಲ ಅಮ್ಮನ ಪಕ್ಕ ಮಲಗುತ್ತಿದ್ದೆ, ನಾನು ರಜೆಗೆ ಬಂದುಹೋಗುವ ನೆಂಟರ ಥರ ಇದ್ದೆ. ನೀನು ಹೆದರಲಿ ಅಂತಲೇ ಹೇಳಿದೆ. ತಪ್ಪು ನನ್ನದು.

ದೋಣಿ ಏನಾಗುತ್ತೋ ನನಗೆ ಗೊತ್ತಿಲ್ಲ. ನಿನ್ನನ್ನು ಹಾಸ್ಟೆಲಿಗೆ ಹಾಕಲ್ಲ ಅಂತ ಮಾತು ಕೊಡಲು ನಾನು ಯಾರು? ಹಾಕಿದರೆ ವಾರವಾರ ಬರುತ್ತೇನೆ. ಅದು ನನ್ನ ಕೈಲಾಗುತ್ತೆ.

ಆದರೆ ಇದು ನನಗೆ ಗೊತ್ತು. ಅಪ್ಪನ ಕಣ್ಣನ್ನು ಈ ವಾರ ತೋರಿಸಿದರೆ ಉಳಿಯಬಹುದು. ದಾಟಿ ಆದಮೇಲೆ ತೋರಿಸಿದರೆ ಡಾಕ್ಟರೂ ಏನೂ ಮಾಡಕ್ಕಾಗಲ್ಲ. ಇದನ್ನು ಅಪ್ಪ ನಿನಗೆ ಹೇಳಿರಲ್ಲ. ಅಪ್ಪನಿಗೂ ಗೊತ್ತಿರಲ್ಲ.

ಅಮ್ಮನಿಗೆ ಬಾಯಿ ಬಿಟ್ಟು ಹೇಳಬೇಡ, ಆಗಲ್ಲ ಅಂದರೆ. ಪ್ರಾಮಿಸ್ ಮುರಿಯೋದು ಕಷ್ಟ. ಈ ಮೇಲ್ ತೆಗೆದು ಅಮ್ಮನ ಕೈಗೆ ಕೊಡು, ಅಷ್ಟೆ. ಅಕ್ಕ ಬಲವಂತ ಮಾಡಿದಳು ಅನ್ನು. ಅಪ್ಪ ಬೈದರೆ ನನ್ನನ್ನೇ ಬೈಯಲಿ, ನನಗೆ ಅಭ್ಯಾಸ ಇದೆ.

ಕೊಟ್ಟೆಯೋ ಇಲ್ಲವೋ, ಒಂದೇ ಪದ ಸಾಕು. ಹತ್ತೂವರೆಯೊಳಗೆ. ಬೇಗ ಉತ್ತರ ಬರಿ.